ಉದ್ಯೋಗ ಭದ್ರತೆ, ಹಾಜರಾತಿ ಮತ್ತು 240 ದಿನಗಳ ನಿಯಮ: ಸಾರ್ವಜನಿಕರಿಗೆ ಮಾಹಿತಿ

ರಾಜಾಜಿನಗರ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ ಹಾಗೂ ಕೆಂಗೇರಿಯಾಚೆಯ ಕುಂಬಳಗೋಡು ಭಾಗದ ಕಾರ್ಖಾನೆಗಳ ಕಾರ್ಮಿಕರಲ್ಲಿ "240 ದಿನ ತುಂಬಿದರೆ ಕೆಲಸ ಖಾಯಂ" ಎಂಬ ನಂಬಿಕೆ ಪ್ರಚಲಿತದಲ್ಲಿದೆ. ಇದು ಸರಿಯಲ್ಲ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದ ಕಾರ್ಮಿಕನು ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದವನೆಂದು ಪರಿಗಣಿತನಾಗುತ್ತಾನೆ. ಅಂಥವರನ್ನು ದಂಡನೆಯ ಹೊರತಾದ ಕಾರಣಕ್ಕೆ ಕೆಲಸದಿಂದ ಕಡಿತಗೊಳಿಸುವಾಗ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ವೇತನ, ಜೊತೆಗೆ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ನೀಡತಕ್ಕದ್ದು. 1947ರ ಕೈಗಾರಿಕಾ ವಿವಾದಗಳ ಅಧಿನಿಯಮದಲ್ಲಿದ್ದ ಈ ರಕ್ಷಣೆಯು, ದಿನಾಂಕ 21-11-2025ರಿಂದ ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಮುಂದುವರಿದಿದೆ.

ದಿನಗಳ ಎಣಿಕೆಯಲ್ಲಿ ವೇತನಸಹಿತ ರಜೆ, ಲೇ-ಆಫ್ ದಿನಗಳು, ಕೆಲಸದಲ್ಲಿ ಸಂಭವಿಸಿದ ಅಪಘಾತದಿಂದಾದ ತಾತ್ಕಾಲಿಕ ಅಶಕ್ತತೆಯ ದಿನಗಳು ಹಾಗೂ ಹೆರಿಗೆ ರಜೆ ಸೇರುತ್ತವೆ. ವೇತನಸಹಿತ ಭಾನುವಾರ ಮತ್ತು ಹಬ್ಬದ ರಜೆಗಳನ್ನೂ ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಹಲವು ಅರ್ಜಿಗಳು ಸೋಲುವುದು ಈ ಲೆಕ್ಕದ ಪುರಾವೆ ಇಲ್ಲದೆ. ಕೆಲಸ ಮಾಡಿದ್ದನ್ನು ಮೊದಲು ತೋರಿಸಬೇಕಾದವನು ಕಾರ್ಮಿಕನೇ.

ಭದ್ರತೆ ದೊರೆತ ಬಳಿಕ ದುಡಿಮೆ ಸಡಿಲವಾಗುವುದೆಂಬ ದೂರು ನಿಯೋಜಕರದು. ಇದಕ್ಕೆ ಆಧಾರವೇ ಇಲ್ಲವೆನ್ನಲಾಗದು. ಇಟಲಿಯ ದೊಡ್ಡ ಬ್ಯಾಂಕೊಂದರ ನೌಕರರನ್ನು ಕುರಿತು ಇಕಿನೊ ಮತ್ತು ರಿಫಾನ್ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಯಂಪೂರ್ವ ಅವಧಿ ಮುಗಿದೊಡನೆ, ವಿಶೇಷವಾಗಿ ಪುರುಷರ ಗೈರುಹಾಜರಿ ಗಣನೀಯವಾಗಿ ಏರಿದ್ದು ಕಂಡುಬಂದಿತು. ಆದರೆ ಖಾಯಂಪೂರ್ವ ಅವಧಿಯಲ್ಲಿ ಜ್ವರವಿದ್ದರೂ ಕೆಲಸಕ್ಕೆ ಬರುವವರಿದ್ದಾರೆಂಬುದನ್ನು ಮರೆಯಲಾಗದು. ಆ ಹಾಜರಾತಿಯನ್ನು ಶ್ರದ್ಧೆಯೆಂದೇ ಎಣಿಸುವುದು ಸರಿಯಲ್ಲ. ಇನ್ನೊಂದೆಡೆ, 240 ದಿನ ತುಂಬುವ ಮುನ್ನ ಸೇವೆಯನ್ನು ಮುರಿದು ಮರುನೇಮಕ ಮಾಡುವ ಪದ್ಧತಿಯೂ ಇದೇ ನಿಯಮದ ಪರಿಣಾಮ. ಕಸುಬು ಕಲಿತ ಕೈಯನ್ನು ಹೊರಕಳುಹಿಸಿದರೆ ನಷ್ಟ ಕಾರ್ಖಾನೆಗೂ ಉಂಟು.

ಭದ್ರತೆಯು ಗೈರುಹಾಜರಿಗೆ ಪರವಾನಗಿಯಲ್ಲ. ಅನಧಿಕೃತ ಗೈರುಹಾಜರಿ ದುರ್ನಡತೆ. ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ವಿರುದ್ಧ ಅಶಪ್ಪ (2006) ಪ್ರಕರಣದಲ್ಲಿ, ದೀರ್ಘಕಾಲದ ಗೈರುಹಾಜರಿಯು ಸಣ್ಣ ತಪ್ಪಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಾಗೆಂದು, ನಿಗದಿತ ದಿನ ಬಾರದವನ ಹೆಸರನ್ನು ವಿಚಾರಣೆಯಿಲ್ಲದೆ ಹಾಜರಿ ಪುಸ್ತಕದಿಂದ ತೆಗೆಯುವಂತಿಲ್ಲ, ಡಿ.ಕೆ. ಯಾದವ್ (1993) ಪ್ರಕರಣದ ತೀರ್ಪು ಇದನ್ನು ಸ್ಪಷ್ಟಪಡಿಸಿದೆ.

ಅನಾರೋಗ್ಯದಿಂದ ಗೈರಾಗುವ ವಿಮಾದಾರರು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಅಥವಾ ತಮ್ಮ ಇ.ಎಸ್.ಐ. ಚಿಕಿತ್ಸಾಲಯದ ಪ್ರಮಾಣಪತ್ರವನ್ನು ಅಂದಂದೇ ಪಡೆದು ಅದರ ಪ್ರತಿಯನ್ನು ಕಾರ್ಖಾನೆಗೆ ತಲುಪಿಸುವುದು ಒಳಿತು. ಅರ್ಹರಿಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡ 70ರಷ್ಟು ಅನಾರೋಗ್ಯ ಸೌಲಭ್ಯ ಲಭ್ಯ. ತಿಂಗಳ ನಂತರ ತರುವ ಪ್ರಮಾಣಪತ್ರವನ್ನು ವಿಚಾರಣಾಧಿಕಾರಿಗಳು ಸಂಶಯದಿಂದಲೇ ನೋಡುತ್ತಾರೆ.

ಸ್ಥಾಯಿ ಆದೇಶಗಳ ಅಧ್ಯಾಯವು ಈಗ 300 ಅಥವಾ ಹೆಚ್ಚಿನ ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯ. ಸಣ್ಣ ಘಟಕಗಳ ಕಾರ್ಮಿಕರು ಆದಕಾರಣ ನೇಮಕಾತಿ ಪತ್ರವನ್ನು ತಪ್ಪದೆ ಕೇಳಿ ಪಡೆಯತಕ್ಕದ್ದು. ನಿಗದಿತ ಅವಧಿಯ ನೇಮಕವಾದಲ್ಲಿ ಅವಧಿ ಮುಗಿದಾಗ ಕೆಲಸ ಮುಗಿಯುವುದು ಕಡಿತವೆನಿಸದು. ಆದರೆ ಒಂದು ವರ್ಷ ಪೂರೈಸಿದವರಿಗೆ ಉಪದಾನ ಸಲ್ಲುತ್ತದೆ. ಸರ್ಕಾರಿ ಕಚೇರಿಗಳ ದಿನಗೂಲಿ ನೌಕರರು 240 ದಿನಗಳ ಆಧಾರದಲ್ಲಿ ಖಾಯಮಾತಿ ಕೋರುವಂತಿಲ್ಲ. ಈ ಬಗ್ಗೆ ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದ 10-04-2006ರ ತೀರ್ಪನ್ನು ಗಮನಿಸಬಹುದು.

ಕೆಲಸದಿಂದ ತೆಗೆಯಲ್ಪಟ್ಟವರು ಸಂಧಾನಾಧಿಕಾರಿಗಳಿಗೆ ಲಿಖಿತ ಅರ್ಜಿ ಸಲ್ಲಿಸಬಹುದು. ವಿವಾದ ಉದ್ಭವಿಸಿ ಎರಡು ವರ್ಷ ಕಳೆದಿದ್ದಲ್ಲಿ ಸಂಹಿತೆಯಡಿ ಸಂಧಾನ ನಡೆಯದು. ಹಿಂದಿನ ಮೂರು ವರ್ಷಗಳ ಮಿತಿಯನ್ನು ನಂಬಿ ವಿಳಂಬ ಮಾಡಬಾರದು. ಅರ್ಜಿಯೊಂದಿಗೆ ನೇಮಕಾತಿ ಪತ್ರ, ವೇತನ ಚೀಟಿ, ಭವಿಷ್ಯ ನಿಧಿ ಮತ್ತು ಇ.ಎಸ್.ಐ. ವಂತಿಗೆಯ ವಿವರ, ವೇತನ ಜಮೆಯಾದ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳನ್ನು ಲಗತ್ತಿಸಿ, ಸ್ವೀಕೃತಿ ಪಡೆಯತಕ್ಕದ್ದು.