ತೆರೆಯದ ಬಾಗಿಲು: ಗಾಥಿಕ್ ಸಣ್ಣಕತೆಯಲ್ಲಿ ಅತಿಮಾನುಷದ ನೆಲೆ

ಹೊರೇಸ್ ವಾಲ್ಪೋಲನು 1764ರ ಕೊನೆಯಲ್ಲಿ ಪ್ರಕಟಿಸಿದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯ ಆರಂಭದಲ್ಲಿಯೇ ದೈತ್ಯಾಕಾರದ ಶಿರಸ್ತ್ರಾಣವೊಂದು ಬಿದ್ದು ಮದುಮಗನನ್ನು ಜಜ್ಜಿಹಾಕುತ್ತದೆ. ಮರುವರ್ಷದ ಎರಡನೆಯ ಮುದ್ರಣಕ್ಕೆ ಲೇಖಕನು ‘ಗಾಥಿಕ್ ಕತೆ’ ಎಂಬ ಉಪಶೀರ್ಷಿಕೆಯನ್ನಿತ್ತನು. ಪ್ರಕಾರದ ಹೆಸರು ನೆಲೆಗೊಂಡುದು ಇದರಿಂದ. ಅತಿಮಾನುಷವನ್ನು ಹೀಗೆ ಮೊದಲಿಗೇ ಕಣ್ಣೆದುರು ತಂದು ನಿಲ್ಲಿಸಿದರೆ ಇಂದಿನ ಓದುಗನಿಗೆ ಭಯಕ್ಕಿಂತ ನಗೆಯೇ ಬಂದೀತು. ಆ್ಯನ್ ರ‍್ಯಾಡ್‌ಕ್ಲಿಫ್ ಹಿಡಿದುದು ವಿರುದ್ಧ ದಾರಿ. 1794ರ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ದಲ್ಲಿ ಕರಿಯ ತೆರೆಯ ಹಿಂದೇನಿದೆ ಎಂದು ಆಕೆ ನೂರಾರು ಪುಟ ಕಾಯಿಸುತ್ತಾಳೆ, ಕೊನೆಗೆ ಅದು ಮೇಣದ ಬೊಂಬೆ.

ಕಾಯಿಸುವ ಇಷ್ಟು ಅವಕಾಶ ನಿಯತಕಾಲಿಕದ ಕತೆಗೆ ಇರಲಿಲ್ಲ. ಎಡಿನ್‌ಬರೊದಲ್ಲಿ 1817ರಲ್ಲಿ ಆರಂಭವಾದ ಬ್ಲ್ಯಾಕ್‌ವುಡ್ಸ್ ಪತ್ರಿಕೆಯ ಭಯಾನಕ ಕತೆಗಳನ್ನು ಎಡ್ಗರ್ ಅಲನ್ ಪೋ 1838ರಲ್ಲಿ ಗೇಲಿ ಮಾಡಿದನು. ಅವುಗಳಿಂದ ಕಲಿತವನೂ ಅವನೇ. ಒಂದೇ ಕೂರಿನಲ್ಲಿ ಓದಿ ಮುಗಿಸಬಹುದಾದ ಕತೆ ಒಂದೇ ಪರಿಣಾಮವನ್ನು ಸಾಧಿಸಬೇಕೆಂಬ ವಾದವನ್ನು ಆತ 1842ರಲ್ಲಿ ಹಾಥಾರ್ನ್‌ನ ಕತೆಗಳನ್ನು ವಿಮರ್ಶಿಸುತ್ತ ಮಂಡಿಸಿದನು. 1839ರ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’ನಲ್ಲಿ ನಿರೂಪಕನು ಪ್ರತಿಯೊಂದು ಸದ್ದಿಗೂ ಲೌಕಿಕ ಕಾರಣವನ್ನು ಹುಡುಕುತ್ತಾನೆ. ಓದುಗನು ಹೆದರುವುದು ಆ ಕಾರಣಗಳು ಒಂದೊಂದಾಗಿ ಸಾಲದೆ ಹೋಗುವಾಗ.

ಈ ಕತೆಗಳನ್ನು ಮೂಢನಂಬಿಕೆಯ ಅವಶೇಷಗಳೆಂದು ಬದಿಗಿಡುವ ವಿಮರ್ಶೆಯೊಂದಿದೆ. ಅದನ್ನು ಒಪ್ಪುವುದು ಕಷ್ಟ. ಡಿಕನ್ಸನ ‘ದಿ ಸಿಗ್ನಲ್‌ಮನ್’ ಪ್ರಕಟವಾದುದು 1866ರ ಕ್ರಿಸ್‌ಮಸ್ ಸಂಚಿಕೆಯಲ್ಲಿ. ಅದರ ಹಿಂದಿನ ವರ್ಷ, 1865ರ ಜೂನ್ 9ರಂದು, ಸ್ಟೇಪಲ್‌ಹರ್ಸ್ಟ್ ಬಳಿ ಹತ್ತು ಜನರನ್ನು ಬಲಿತೆಗೆದುಕೊಂಡ ರೈಲು ಅಪಘಾತದಲ್ಲಿ ಆತನು ಬದುಕಿ ಉಳಿದಿದ್ದನು. ಕತೆಯಲ್ಲಿ ಪಾಳುಕೋಟೆಯಿಲ್ಲ, ಸುರಂಗದ ಬಾಯಿ, ಕೆಂಪು ದೀಪ, ತಂತಿಯ ಗಂಟೆ ಇವೆ. ಛಾಯಾಪುರುಷನು ಎರಡು ಬಾರಿ ಕಾಣಿಸಿಕೊಂಡಾಗಲೂ ಸಾವು ಸಂಭವಿಸಿದೆ. ಮೂರನೆಯ ಎಚ್ಚರಿಕೆ ಬಂದಿದೆ, ಆದರೆ ಅಪಾಯ ಎಲ್ಲಿ ಎಂಬುದು ತಿಳಿಯದು. ಕಾರಣ ಹೇಳದೆ ಅಪಾಯವೆಂದು ತಂತಿ ಕಳುಹಿಸಿದರೆ ಮೇಲಿನವರು ತನ್ನನ್ನು ಹುಚ್ಚನೆಂದಾರು ಎಂಬುದು ಸಿಗ್ನಲಿನವನ ಸಂಕಟ. ಇದು ದೆವ್ವದ ಭಯವಷ್ಟೇ ಅಲ್ಲ, ಹೊಣೆಯಿದ್ದೂ ಅಧಿಕಾರವಿಲ್ಲದ ನೌಕರನ ಭಯ. ಕೊನೆಗೆ ರೈಲಿಗೆ ಸಿಕ್ಕಿ ಸಾಯುವವನು ಅವನೇ.

ಡಬ್ಲ್ಯು.ಡಬ್ಲ್ಯು. ಜೇಕಬ್ಸನ ‘ದಿ ಮಂಕೀಸ್ ಪಾ’ (1902) ಇನ್ನೂ ಮುಂದೆ ಹೋಗುತ್ತದೆ. ಫಕೀರನೊಬ್ಬ ಮಂತ್ರಿಸಿದ ಮಂಗನ ಪಂಜವನ್ನು ಸೈನಿಕನೊಬ್ಬ ಭಾರತದಿಂದ ತಂದಿರುತ್ತಾನೆ. ವಸಾಹತು ಕಾಲದ ಇಂಗ್ಲಿಷ್ ಓದುಗನಿಗೆ ಮಾಯೆಯ ತವರು ಎಂದರೆ ನಮ್ಮ ದೇಶವೇ. ಕಿಪ್ಲಿಂಗನೂ 1885ರಲ್ಲಿಯೇ ಸಿಮ್ಲಾದ ಬೀದಿಯಲ್ಲಿ ಪ್ರೇತರಿಕ್ಷಾ ಓಡಿಸಿದ್ದನು. ಮುದುಕ ವೈಟ್ ಇನ್ನೂರು ಪೌಂಡು ಬೇಡುತ್ತಾನೆ. ಯಂತ್ರಕ್ಕೆ ಸಿಲುಕಿ ಸತ್ತ ಮಗನ ಪರಿಹಾರವಾಗಿ ಕಾರ್ಖಾನೆ ಕೊಡುವುದೂ ಸರಿಯಾಗಿ ಅಷ್ಟೇ ಹಣ. ಪಂಜದ ಮಾಯೆಯನ್ನು ಅಲ್ಲಗಳೆಯುವವನಿಗೂ ಕಾರ್ಖಾನೆಯ ಈ ಲೆಕ್ಕವನ್ನು ಅಲ್ಲಗಳೆಯಲಾಗದು.

ಎರಡನೆಯ ಬೇಡಿಕೆ ತಾಯಿಯ ಒತ್ತಾಯದ್ದು: ಮಗ ಬದುಕಿ ಬರಲಿ. ಆ ರಾತ್ರಿ ಬಾಗಿಲು ಬಡಿಯುವ ಸದ್ದು. ತಾಯಿ ಅಗುಳಿ ಎಟುಕದೆ ಕುರ್ಚಿ ಎಳೆಯುತ್ತಾಳೆ. ತಂದೆ ಕತ್ತಲಲ್ಲಿ ಪಂಜಕ್ಕಾಗಿ ತಡಕಾಡುತ್ತಾನೆ. ಮೂರನೆಯ ಬೇಡಿಕೆ ಏನೆಂದು ಜೇಕಬ್ಸ್ ಬರೆಯುವುದಿಲ್ಲ. ಬಡಿತ ನಿಲ್ಲುತ್ತದೆ. ಬಾಗಿಲು ತೆರೆದಾಗ ಹೊರಗೆ ನಿರ್ಜನ ರಸ್ತೆ, ಎದುರಿಗೆ ಮಿನುಗುವ ಬೀದಿದೀಪ.