ಇಡಿಧಾನ್ಯವಾಗಿ ಸಜ್ಜೆಯ ಪೌಷ್ಟಿಕ ಮೌಲ್ಯ

ಸಜ್ಜೆಯು ಹುಲ್ಲಿನ ಕುಟುಂಬಕ್ಕೆ ಸೇರಿದ ಒಂದು ಸಿರಿಧಾನ್ಯ. ಇದರ ಸಸ್ಯಶಾಸ್ತ್ರೀಯ ಹೆಸರು ಪೆನ್ನಿಸೆಟಮ್ ಗ್ಲಾಕಮ್. ಹಿಂದಿಯಲ್ಲಿ ಇದನ್ನು ಬಾಜ್ರಾ ಎನ್ನುತ್ತಾರೆ. ಪಶ್ಚಿಮ ಆಫ್ರಿಕಾ ಇದರ ಮೂಲಸ್ಥಾನ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಇದು ಮುಂಗಾರು ಹಂಗಾಮಿನ ಮಳೆಯಾಶ್ರಿತ ಬೆಳೆ.

ಕಾಳಿನ ರಚನೆ

ನವಣೆ, ಸಾಮೆಗಳ ಕಾಳಿಗೆ ಗಟ್ಟಿಯಾದ ಹೊಟ್ಟು ಅಂಟಿಕೊಂಡಿರುತ್ತದೆ. ಸಜ್ಜೆಯ ಕಾಳು ಒಕ್ಕಣೆಯಲ್ಲಿಯೇ ಹೊಟ್ಟಿನಿಂದ ಬೇರ್ಪಡುವುದರಿಂದ ಅದನ್ನು ಹಾಗೆಯೇ ಬೀಸಬಹುದು. ಹೀಗೆ ಬೀಸಿದ ಹಿಟ್ಟಿನಲ್ಲಿ ತವುಡು, ಮೊಳಕೆಯ ಭಾಗ ಮತ್ತು ಪಿಷ್ಟದ ಭಾಗ ಮೂರೂ ಉಳಿಯುತ್ತವೆ. ಭತ್ತವನ್ನು ಪಾಲಿಶ್ ಮಾಡಿದಾಗ ಮೊದಲಿನ ಎರಡು ಭಾಗಗಳು ಬಹುಮಟ್ಟಿಗೆ ನಷ್ಟವಾಗುತ್ತವೆ.

ಪೋಷಕಾಂಶಗಳು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ, 100 ಗ್ರಾಂ ಧಾನ್ಯದಲ್ಲಿರುವ ಅಂಶಗಳು ಸುಮಾರು ಹೀಗಿವೆ:

- ಪ್ರೋಟೀನ್: ಸಜ್ಜೆ 11 ಗ್ರಾಂ, ಬಿಳಿ ಅಕ್ಕಿ 7.9 ಗ್ರಾಂ
- ಕೊಬ್ಬು: ಸಜ್ಜೆ 5.4 ಗ್ರಾಂ, ಬಿಳಿ ಅಕ್ಕಿ 0.5 ಗ್ರಾಂ
- ನಾರಿನಂಶ: ಸಜ್ಜೆ 11.5 ಗ್ರಾಂ, ಬಿಳಿ ಅಕ್ಕಿ 2.8 ಗ್ರಾಂ
- ಕಬ್ಬಿಣ: ಸಜ್ಜೆ 6.4 ಮಿ.ಗ್ರಾಂ, ಬಿಳಿ ಅಕ್ಕಿ 0.65 ಮಿ.ಗ್ರಾಂ
- ಸತು: ಸಜ್ಜೆ 2.8 ಮಿ.ಗ್ರಾಂ, ಬಿಳಿ ಅಕ್ಕಿ 1.2 ಮಿ.ಗ್ರಾಂ

ಎರಡರಿಂದಲೂ ದೊರೆಯುವ ಶಕ್ತಿ ಹೆಚ್ಚುಕಡಿಮೆ ಸಮಾನವಾಗಿದ್ದು, 350 ಕಿಲೋ ಕ್ಯಾಲೊರಿಯ ಆಸುಪಾಸಿನಲ್ಲಿದೆ. ಆದ್ದರಿಂದ ಅನ್ನದಿಂದ ಹೊಟ್ಟೆ ತುಂಬಿದರೂ ರಕ್ತಹೀನತೆಯನ್ನು ತಡೆಯಲು ಬೇಕಾದ ಕಬ್ಬಿಣ ಅದರಿಂದ ದೊರೆಯುವುದಿಲ್ಲ. ಗೋಧಿ ಮತ್ತು ಯುರೋಪಿನ ರೈ ಧಾನ್ಯದಲ್ಲಿರುವ ಗ್ಲುಟೆನ್ ಸಜ್ಜೆಯಲ್ಲಿಲ್ಲ. ಇದರ ಹಿಟ್ಟಿಗೆ ಜಿಗುಟು ಕಡಿಮೆಯಾದ ಕಾರಣ ಬಿಸಿನೀರಿನಲ್ಲಿ ನಾದಿ, ಕೈಯಿಂದ ತಟ್ಟಿ ರೊಟ್ಟಿ ಮಾಡುತ್ತಾರೆ.

ಮಿತಿಗಳು

ಸಜ್ಜೆಯಲ್ಲಿರುವ ಫೈಟೇಟ್ ಮತ್ತು ಪಾಲಿಫಿನಾಲ್‌ಗಳು ಕಬ್ಬಿಣ ಹಾಗೂ ಸತುವಿನ ಹೀರಿಕೆಯನ್ನು ತಗ್ಗಿಸುತ್ತವೆ. ನೆನೆಸುವುದು, ಮೊಳಕೆ ಬರಿಸುವುದು ಮತ್ತು ಹುದುಗಿಸುವುದರಿಂದ ಫೈಟೇಟ್ ಕಡಿಮೆಯಾಗುತ್ತದೆ. ನಿಂಬೆ ಮುಂತಾದ 'ಸಿ' ಜೀವಸತ್ವವುಳ್ಳ ಪದಾರ್ಥಗಳನ್ನು ಜೊತೆಗೆ ಸೇವಿಸಿದರೆ ಕಬ್ಬಿಣದ ಹೀರಿಕೆ ಹೆಚ್ಚುತ್ತದೆ. ಮೊಳಕೆಯ ಭಾಗದಲ್ಲಿರುವ ಕೊಬ್ಬು ಬೀಸಿದ ನಂತರ ಬೇಗನೆ ಕೆಡುವುದರಿಂದ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಆದಕಾರಣ ಕಾಳನ್ನು ಸಂಗ್ರಹಿಸಿಟ್ಟು, ಹಿಟ್ಟನ್ನು ಬೇಕಾದಷ್ಟೇ ಬೀಸಿಕೊಳ್ಳುವುದು ಸೂಕ್ತ. ತೆಳುವಾಗಿ ತಟ್ಟಿ ಒಣಗಿಸಿದ ಕಡಕ್ ರೊಟ್ಟಿಯು ಬಹುದಿನ ಉಳಿಯುತ್ತದೆ.

ಪ್ರಾದೇಶಿಕ ಹಿನ್ನೆಲೆ

ದಕ್ಷಿಣ ಭಾರತದಲ್ಲಿ ಸಜ್ಜೆಯ ಪ್ರಾಚೀನ ಕುರುಹುಗಳು ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ದೊರೆತಿವೆ. ಕಡಿಮೆ ಮಳೆಯಲ್ಲಿ, ಸುಮಾರು ಮೂರು ತಿಂಗಳಲ್ಲಿ ಕೊಯ್ಲಿಗೆ ಬರುವ ಈ ಬೆಳೆ ರಾಯಚೂರು ಸೀಮೆಯ ಮಸಾರಿ ಭೂಮಿಗೆ ಒಗ್ಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಸಿಂಧನೂರು ಭಾಗವು ಭತ್ತಕ್ಕೆ ಹೆಸರಾಯಿತು; ಅನ್ನವು ದಿನನಿತ್ಯದ ಊಟವಾಯಿತು. ಕಾಲುವೆಯ ನೀರು ತಲುಪದ ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಹೊಲಗಳಲ್ಲಿ ಸಜ್ಜೆ ಉಳಿದುಕೊಂಡಿದೆ. ಸಂಕ್ರಾಂತಿಯ ಸಮಯದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುವುದು ಉತ್ತರ ಕರ್ನಾಟಕದ ರೂಢಿ.

ತಳಿ ಅಭಿವೃದ್ಧಿ

ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು ಹೆಚ್ಚು ಕಬ್ಬಿಣಾಂಶವುಳ್ಳ ಧನಶಕ್ತಿ ತಳಿಯನ್ನು ಅಭಿವೃದ್ಧಿಪಡಿಸಿತು. ಭಾರತದಲ್ಲಿ ಬಿಡುಗಡೆಯಾಗುವ ಹೊಸ ಸಜ್ಜೆ ತಳಿಗಳಲ್ಲಿ ಒಂದು ಕಿಲೋ ಕಾಳಿಗೆ ಕನಿಷ್ಠ 42 ಮಿ.ಗ್ರಾಂ ಕಬ್ಬಿಣ ಹಾಗೂ 32 ಮಿ.ಗ್ರಾಂ ಸತು ಇರಬೇಕೆಂದು 2018ರಲ್ಲಿ ನಿಗದಿಪಡಿಸಲಾಯಿತು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು.