ಬೆಂಕಿಪುರದ ಕಾಷ್ಠಸಾರ

ಭದ್ರಾ ನದಿಯ ತೀರದಲ್ಲಿ ಬೆಂಕಿಪುರವೆಂಬ ಊರೊಂದಿತ್ತು. ಅದೇ ಇಂದಿನ ನಮ್ಮ ಭದ್ರಾವತಿ. 1923ರ ಜನವರಿ 18ರಂದು ಅಲ್ಲಿ ಊದುಕುಲುಮೆ ಪ್ರಜ್ವಲಿಸಿದಾಗ ಮೈಸೂರು ಸಂಸ್ಥಾನವು ಉಕ್ಕು-ಕಬ್ಬಿಣದ ಯುಗಕ್ಕೆ ಪದಾರ್ಪಣ ಮಾಡಿತೆಂದು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಆದರೆ ಆ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರವೇ ಇತ್ತು: 'ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್'. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ ವಿಶ್ವೇಶ್ವರಯ್ಯನವರ ಸಂಕಲ್ಪದಿಂದ 1918ರಲ್ಲಿ ಆರಂಭವಾದ ಆ ಸಾಹಸಕ್ಕೆ ಕೆಮ್ಮಣ್ಣುಗುಂಡಿಯ ಅದಿರಿತ್ತು, ಮಲೆನಾಡಿನ ಅರಣ್ಯವಿತ್ತು, ಇಲ್ಲದಿದ್ದುದು ಕಲ್ಲಿದ್ದಲೊಂದೇ. ಆದ್ದರಿಂದ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡಿದರು. ಆಕಾಶಕ್ಕೆ ಏರಿಹೋಗಬೇಕಿದ್ದ ಹೊಗೆಯನ್ನು ತಂಪಾಗಿಸಿ ಡಾಂಬರನ್ನೂ ಸುಣ್ಣದ ಅಸಿಟೇಟನ್ನೂ ಮರದ ಮದ್ಯಸಾರವನ್ನೂ ಇಳಿಸಿಕೊಂಡರು. ಆ ಮದ್ಯಸಾರಕ್ಕೆ ಲೋಕವಿಟ್ಟ ಹೆಸರು ಮೆಥನಾಲ್. ಅದನ್ನು ಹನಿಹನಿಯಾಗಿ ಕೂಡಿಡುತ್ತಿದ್ದ ನಮ್ಮ ಹಿರಿಯರು, ತಾವು ಕಾಷ್ಠಸಾರವೆಂಬ ಒಂದು ಮಹಾರಾಜ್ಯದ ಅಂತ್ಯಕಾಲದಲ್ಲಿ ಅದರ ಸೇವೆಗೆ ಸೇರಿದ್ದೇವೆಂಬುದನ್ನು ಅರಿತಿರಲಿಲ್ಲ.

ಆ ರಾಜ್ಯದ ವಂಶಾವಳಿ ಸಾಮಾನ್ಯವಾದುದಲ್ಲ. 1661ರಲ್ಲಿಯೇ ರಾಬರ್ಟ್ ಬಾಯ್ಲ್ ಕಟ್ಟಿಗೆಯ ಬಟ್ಟಿಯಿಂದ ಇಳಿದ ಈ ದ್ರವವನ್ನು ವರ್ಣಿಸಿದ್ದನು. 1834ರಲ್ಲಿ ಫ್ರಾನ್ಸಿನ ಡ್ಯೂಮಾ ಮತ್ತು ಪೆಲಿಗೊ ಅದರ ಧಾತುಸಂಯೋಜನೆಯನ್ನು ನಿರ್ಣಯಿಸಿದರು. 1860ರ ದಶಕದಲ್ಲಿ ಹಾಫ್‌ಮನ್ ಅದರ ಆವಿಯನ್ನು ಕಾದ ಪ್ಲಾಟಿನಮ್ಮಿನ ಮೇಲೆ ಹಾಯಿಸಿ ಫಾರ್ಮಾಲ್ಡಿಹೈಡನ್ನು ಪಡೆದನು. ಮದ್ಯಸಾರದಿಂದ ಜಲಜನಕವನ್ನು ಕಳೆದರೆ ಆಲ್ಡಿಹೈಡ್. ಆ ಹೆಸರಿನ ಅರ್ಥವೂ ಅಷ್ಟೇ. ತಾಯಿ ಶಾಂತೆ, ಮಗಳು ಉಗ್ರೆ. ಆ ಮಗಳನ್ನು ಫಿನಾಲಿನೊಡನೆ ಬೆರೆಸಿ ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟನ್ನು ಸೃಷ್ಟಿಸಿದ ಮೇಲೆ ಹಳೆಯ ಕಾಷ್ಠಸಾರಕ್ಕೆ ಹೊಸ ಕಿರೀಟ ಬಂದಿತು. ಪೆನ್ಸಿಲ್ವೇನಿಯ, ಮಿಷಿಗನ್ ಪ್ರಾಂತಗಳ ಗಟ್ಟಿಮರದ ಕಾಡುಗಳು ಬಟ್ಟಿಮನೆಗಳಿಗೆ ಆಹುತಿಯಾದವು. ನೂರು ಪಾಲು ಕಟ್ಟಿಗೆಗೆ ಒಂದೆರಡು ಪಾಲು ಮಾತ್ರ ಮೆಥನಾಲ್ ದಕ್ಕುತ್ತಿದ್ದರೂ ಅರಣ್ಯವುಳ್ಳವನೇ ಅಧಿಪತಿಯೆಂಬ ನಂಬಿಕೆ ಅಚಲವಾಗಿತ್ತು.

ಭದ್ರಾವತಿಯ ಕುಲುಮೆ ಹೊತ್ತಿದ ಅದೇ 1923ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಲೊಯ್ನಾದಿಂದ ಮೆಥನಾಲ್ ತುಂಬಿದ ರೈಲುಟ್ಯಾಂಕರುಗಳು ಹೊರಟವು. ಆ ಮೆಥನಾಲಿಗಾಗಿ ಒಂದು ಮರವೂ ಉರುಳಿರಲಿಲ್ಲ. ಮಹಾಯುದ್ಧಕಾಲದಲ್ಲಿ ಅಮೋನಿಯಕ್ಕೆಂದು ಕಟ್ಟಿದ ಆ ಕೋಟೆಯಲ್ಲಿ ಬಿಎಎಸ್ಎಫ್ ಸಂಸ್ಥೆಯ ಮಥಿಯಾಸ್ ಪೀರ್ ಮತ್ತು ಸಂಗಡಿಗರು ಕಲ್ಲಿದ್ದಲಿನಿಂದ ಪಡೆದ ಕಾರ್ಬನ್ ಮಾನಾಕ್ಸೈಡನ್ನೂ ಜಲಜನಕವನ್ನೂ ಸತು-ಕ್ರೋಮಿಯಂ ಆಕ್ಸೈಡುಗಳ ಸಾನ್ನಿಧ್ಯದಲ್ಲಿ, ಇನ್ನೂರೈವತ್ತು ವಾಯುಮಂಡಲಕ್ಕೂ ಮೀರಿದ ಒತ್ತಡದಲ್ಲಿ ಒಂದಾಗಿಸಿದ್ದರು. ಅಮೆರಿಕದ ಬಟ್ಟಿಮನೆಗಳು ತತ್ತರಿಸಿದವು. 1926ರಲ್ಲಿ ಅಧ್ಯಕ್ಷ ಕೂಲಿಜ್ ಆಮದು ಸುಂಕವನ್ನು ಗ್ಯಾಲನ್ನಿಗೆ 12 ಸೆಂಟಿನಿಂದ 18 ಸೆಂಟಿಗೆ ಏರಿಸಿದರು. ಆದರೆ ಸುಂಕದ ಗೋಡೆ ಸರಕನ್ನು ತಡೆದೀತೇ ಹೊರತು ವಿದ್ಯೆಯನ್ನು ತಡೆಯದು. ಅಮೆರಿಕನ್ನರೇ ಆ ವಿದ್ಯೆಯನ್ನು ಕಲಿತರು, ಕಾಡಿನ ದೊರೆತನ ಮುಗಿಯಿತು.

ಗೆದ್ದವನ ಗತಿಯನ್ನೂ ಇತಿಹಾಸ ಬರೆದಿಟ್ಟಿದೆ. 1925ರಲ್ಲಿ ಬಿಎಎಸ್ಎಫ್ ಮೊದಲಾದ ಸಂಸ್ಥೆಗಳು ಕೂಡಿ ಐಜಿ ಫಾರ್ಬೆನ್ ಎಂಬ ಸಾಮ್ರಾಜ್ಯವಾದವು. ಮಹತ್ತ್ವಾಕಾಂಕ್ಷೆ ಧರ್ಮವನ್ನು ತೊರೆದಾಗ ಏನಾಗುತ್ತದೆಂಬುದಕ್ಕೆ ಆಶ್‌ವಿಟ್ಸ್ ಸಮೀಪದ ಮೊನೊವಿಟ್ಸ್ ಸಾಕ್ಷಿ. ಅಲ್ಲಿ ಸೆರೆಯಾಳುಗಳ ಬೆವರು ನೆತ್ತರುಗಳಿಂದ ಎದ್ದ ಕಾರ್ಖಾನೆ ಕೃತಕ ರಬ್ಬರಿಗೆಂದು ಸಂಕಲ್ಪಿತವಾದುದು. ರಬ್ಬರು ಎಂದೂ ಹೊರಬರಲಿಲ್ಲ, ಹೊರಬಂದುದು ಮೆಥನಾಲ್. ಸಹಸ್ರಾರು ಪ್ರಾಣಗಳನ್ನು ನುಂಗಿದ ಆ ನೆಲವನ್ನು 1945ರ ಜನವರಿಯಲ್ಲಿ ಸೋವಿಯತ್ ಸೇನೆ ತಲುಪಿತು. 1948ರಲ್ಲಿ ನ್ಯೂರೆಂಬರ್ಗಿನ ನ್ಯಾಯಪೀಠ ಆ ಸಂಸ್ಥೆಯ 13 ಮುಖ್ಯಸ್ಥರನ್ನು ಅಪರಾಧಿಗಳೆಂದು ಘೋಷಿಸಿತು. ಸಾಮ್ರಾಜ್ಯ ತುಂಡುತುಂಡಾಯಿತು.

ಅನಂತರದ್ದು ತೈಲ ಮತ್ತು ನೈಸರ್ಗಿಕ ಅನಿಲಗಳ ಯುಗ. ಅದಕ್ಕೂ ಮುನ್ನವೇ, 1938ರಲ್ಲಿ, ರೂರ್ ಪ್ರಾಂತದ ಓಟೊ ರೋಲೆನ್ ಎಥಿಲೀನಿಗೆ ಕಾರ್ಬನ್ ಮಾನಾಕ್ಸೈಡನ್ನೂ ಜಲಜನಕವನ್ನೂ ಕೂಡಿಸಿ ಆಲ್ಡಿಹೈಡ್ ಪಡೆದಿದ್ದನು. ಆ 'ಆಕ್ಸೊ' ಮಾರ್ಗವೇ ಮುಂದೆ ಬ್ಯೂಟನಾಲಿಗೂ ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ಮದ್ಯಸಾರಗಳಿಗೂ ರಾಜಮಾರ್ಗವಾಯಿತು. 1959ರ ವಾಕರ್ ವಿಧಾನ ಎಥಿಲೀನಿನಿಂದಲೇ ಅಸಿಟಾಲ್ಡಿಹೈಡನ್ನು ತೆಗೆದಾಗ, ಕಬ್ಬಿನ ಕಾಕಂಬಿಯ ಮದ್ಯಸಾರವನ್ನು ನಂಬಿದ್ದ ನಮ್ಮ ದೇಶದ ಕಾರ್ಖಾನೆಗಳ ಎದುರು ಪ್ರಬಲ ಪ್ರತಿಸ್ಪರ್ಧಿ ನಿಂತನು. ಅವನ ವೈಭವವೂ ಅಲ್ಪಾಯು. 1966ರಲ್ಲಿ ಇಂಗ್ಲೆಂಡಿನ ಐಸಿಐ ತಾಮ್ರದ ಕ್ರಿಯಾವರ್ಧಕದಿಂದ ಒತ್ತಡವನ್ನು ಬಹುವಾಗಿ ಇಳಿಸಿ ಮೆಥನಾಲನ್ನು ಅಗ್ಗಗೊಳಿಸಿತು. 1970ರಲ್ಲಿ ಮಾನ್ಸಾಂಟೊ ಆ ಮೆಥನಾಲಿನಿಂದಲೇ ಅಸಿಟಿಕ್ ಆಮ್ಲವನ್ನು ಮಾಡಿ, ಆ ಆಮ್ಲಕ್ಕೆ ಮೂಲವಾಗಿದ್ದ ಅಸಿಟಾಲ್ಡಿಹೈಡಿನ ಪೀಠವನ್ನು ಅಲುಗಿಸಿತು. ಬಳಿಕ ಅಧಿಕಾರ ಅನಿಲ ಅಗ್ಗವಾದ ಟ್ರಿನಿಡಾಡಿಗೂ ಪರ್ಷಿಯನ್ ಕೊಲ್ಲಿಗೂ ಸರಿಯಿತು. ಇಂದು ಜಗತ್ತಿನ ಮೆಥನಾಲ್ ಉತ್ಪಾದನಾ ಸಾಮರ್ಥ್ಯದ ಅರ್ಧಕ್ಕೂ ಹೆಚ್ಚು ಚೀನಾದ ವಶದಲ್ಲಿದೆ. ಅದರ ಬಹುಪಾಲಿಗೆ ಮೂಲ ಮತ್ತೆ ಕಲ್ಲಿದ್ದಲೇ. ದ್ರವ ಬದಲಾಗಿಲ್ಲ, ಬದಲಾದುದು ಅದರ ತವರು. ಯಾರ ನೆಲದ ಇಂಗಾಲ ಸುಲಭವೋ ಅವನೇ ದೊರೆ, ಅದಕ್ಕಿಂತ ಸುಲಭವಾದುದು ದೊರೆಯುವವರೆಗೆ.

ಭದ್ರಾವತಿ ಕೈಚೆಲ್ಲಲಿಲ್ಲ. ಆರಂಭದ ನಷ್ಟಗಳ ನಡುವೆ ವಿಶ್ವೇಶ್ವರಯ್ಯನವರೇ 1923ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಬಂದು ಚುಕ್ಕಾಣಿ ಹಿಡಿದರು. ಕಬ್ಬಿಣ ಉಕ್ಕಾಯಿತು, ಜೋಗದ ವಿದ್ಯುತ್ತು ಬಂದ ಮೇಲೆ ಇದ್ದಿಲಿನ ಕುಲುಮೆಯ ಪಕ್ಕದಲ್ಲಿ ವಿದ್ಯುತ್ ಕುಲುಮೆಗಳು ತಲೆಯೆತ್ತಿದವು. ಕಾಷ್ಠಸಾರದ ಕಥೆ ಹಿನ್ನೆಲೆಗೆ ಸರಿಯಿತು. ಆದರೆ 2023ರ ಸೆಪ್ಟೆಂಬರಿನಲ್ಲಿ, ಲೊಯ್ನಾದ ಟ್ಯಾಂಕರುಗಳು ಹೊರಟು ಸರಿಯಾಗಿ ನೂರು ವರ್ಷ ತುಂಬಿದಾಗ, ಕೋಪನ್‌ಹೇಗನ್ ಬಂದರಿನಲ್ಲಿ 'ಲಾರಾ ಮೆರ್ಸ್ಕ್' ಎಂಬ ಸರಕುಹಡಗಿಗೆ ನಾಮಕರಣವಾಯಿತು. ಅದರ ಇಂಧನ ಮೆಥನಾಲ್. ಆ ಮೆಥನಾಲಿನ ಮೂಲ ಕೊಳೆತ ಜೈವಿಕ ತ್ಯಾಜ್ಯದ ಅನಿಲ. ಬೆಂಕಿಪುರದ ಮುಚ್ಚಿದ ಪಾತ್ರೆಗಳು ಅಂದು ಸೋತದ್ದು ಕಲ್ಲಿದ್ದಲಿನ ಅನಿಲಕ್ಕೆ. ಶತಮಾನ ಸುತ್ತಿಬಂದ ಕಾಲಚಕ್ರ ಈಗ ಆ ಅನಿಲವನ್ನೇ ಹಸುರಿನ ಬಾಗಿಲಿಗೆ ಯಾಚಕನಾಗಿ ತಂದು ನಿಲ್ಲಿಸಿದೆ.